ಒಳಗೆ ಬಿಟ್ಟ ಬಟ್ಟೆ

ಪಿನ್ನು ಪೂರ್ತಿ ಒಳಗೆ ಹೋಯಿತು. ಪುಟ್ಟಿ ಅಲುಗಲಿಲ್ಲ.

ಕಟಿಂಗ್ ಮಾಸ್ಟರ್ ಮಂಡಿಯೂರಿ ಕೂತು, ತುಟಿಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು, ಅವಳು ತೊಟ್ಟಿದ್ದ ನೀಲಿ ಗೌನಿನ ಸೊಂಟ ಹಿಡಿಯುತ್ತಿದ್ದ. ಬಟ್ಟೆ ಜಾರಿ ಕೈ ತಪ್ಪಿತು. ಪಿನ್ನಿನ ತಲೆಯೊಂದೇ ಹೊರಗೆ ಉಳಿಯಿತು. ಗಾಬರಿಯಿಂದ ತಲೆ ಎತ್ತಿದರೆ, ಪುಟ್ಟಿ ಕನ್ನಡಿಯಲ್ಲಿ ಅವನ ಹುಬ್ಬನ್ನೇ ನೋಡುತ್ತಿದ್ದಾಳೆ. ಹುಬ್ಬಿಗೆ ಸೀಮೆಸುಣ್ಣ ಹತ್ತಿತ್ತು. ಹೇಳಲೋ ಬೇಡವೋ ಎಂಬ ಯೋಚನೆಯಲ್ಲಿ ಅವಳಿಗೆ ಲೋಕವೇ ಮರೆತಿತ್ತು.

“ಚುಚ್ಚಲಿಲ್ವಾ?”

“ಏನು?”

ಅವನ ಕಣ್ಣು ಹೋದ ಕಡೆ ಅವಳ ಕಣ್ಣೂ ಹೋಯಿತು. ಪಿನ್ನಿನ ತಲೆ ಕಂಡಿತು.

“ಅಯ್ಯೋ! ಅಮ್ಮಾ!” ಎಂದು ಕೂಗಿದಳು.

ಊರೆಲ್ಲ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದ ಹಾಗಿತ್ತು ಆ ಕೂಗು. ಆಚೆ ಕೂತು ಶರ್ಟಿಗೆ ಗುಂಡಿಯ ಕಾಜಾ ಹಾಕುತ್ತಿದ್ದ ಹೆಂಗಸು, “ಏನೇ ಅದು?” ಎಂದಳು. ಎಲ್ಲರೂ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಮಾಸ್ಟರ್ ಪಿನ್ನು ಮೆಲ್ಲಗೆ ಎಳೆದ. ಅದರ ತುದಿಗೆ ಹತ್ತಿಯ ಒಂದು ಎಳೆ ಅಂಟಿಕೊಂಡು ಬಂತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರದೆಯ ಹಿಂದೆ ಓಡಿ, ಗೌನು ಕಳಚಿ, ಹೇಳದೆ ಕೇಳದೆ ಮನೆಗೆ ಹೋದಳು.

ಆ ಹೊಲಿಗೆ ಕಾರ್ಖಾನೆಯಲ್ಲಿ ಪುಟ್ಟಿಯ ದಿನದ ಕೆಲಸ ಅಂಚು ಮಡಿಚುವುದು. ಆದರೆ ಹೊಸ ಡಿಸೈನ್ ಬಂದಾಗಲೆಲ್ಲ ಮೊದಲು ಅವಳಿಗೇ ತೊಡಿಸಿ ನೋಡುತ್ತಿದ್ದರು. ಅವಳ ಮೈಯಳತೆ ಅಚ್ಚು ಹಾಕಿದಂತೆ ಸಣ್ಣ ಸೈಜಿಗೆ ಸರಿಹೋಗುತ್ತಿತ್ತು. ಆ ಕನ್ನಡಿಯ ಮುಂದಿನ ಹೊತ್ತಿಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು. “ನಿಮಗೆ ಹಾಕಿದ್ರೆ ಬಟ್ಟೆಗೆ ಜೀವ ಬರುತ್ತೆ” ಎಂದು ಮಾಸ್ಟರ್ ಒಮ್ಮೆ ಅಂದಿದ್ದ. ಅಷ್ಟೇ ಮಾತು. ಅದನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ಮಡಿಚಿ ಬಿಚ್ಚಿದ್ದಳೋ!

ಆಮೇಲೆ ಒಂದು ದೀರ್ಘ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ಹಸಿವನ್ನೂ ಕರೆದುಕೊಂಡು ಹೋಯಿತು. ಅಮ್ಮ ತಟ್ಟೆ ತುಂಬ ಬಡಿಸಿ ಎದುರು ಕೂರುವಳು. “ಇನ್ನೊಂದು ತುತ್ತು, ನನ್ನ ಬಂಗಾರಿ.” ತಟ್ಟೆ ಕಂಡರೇ ಪುಟ್ಟಿಗೆ ಹೊಟ್ಟೆ ತುಂಬುತ್ತಿತ್ತು. ಚಿಕ್ಕಮ್ಮ ಬಂದರೆ, “ಕಡ್ಡಿಗೆ ಬಟ್ಟೆ ಸುತ್ತಿದ ಹಾಗಿದ್ದೀಯಲ್ಲೇ, ಕಿಟಕಿ ಹಾಕ್ಕೋ, ಗಾಳಿ ಬಂದೀತು” ಎಂದು ನಗುವಳು. ಪುಟ್ಟಿಯೂ ನಗುವಳು. ಆಮೇಲೆ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅಳುವಳು.

ಸೊಂಟದಲ್ಲಿ ಬಟ್ಟೆ ಜೋಲತೊಡಗಿದಾಗ, ಕೋಟಿನ ಹೆಗಲಿಗೆ ಇಡುವ ಹತ್ತಿಯ ಮೆತ್ತೆಗಳನ್ನು ಮನೆಗೆ ಒಯ್ದು ತನ್ನ ಒಳಂಗಿಗೆ ಹೊಲಿದುಕೊಂಡಳು. ಯಾರಿಗೂ ಗೊತ್ತಾಗಲಿಲ್ಲ, ಪಿನ್ನಿಗೆ ಗೊತ್ತಾಗುವವರೆಗೂ.

ಮರುದಿನ ಹೋದಾಗ ಕನ್ನಡಿಯ ಮುಂದೆ ಮರದ ಬೊಂಬೆ ನಿಂತಿತ್ತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಆ ತಲೆಯಿಲ್ಲದ ಬೊಂಬೆಯ ಮೈಮೇಲೆ ಅವಳ ನೀಲಿ ಗೌನು.

ಅವಳು ಸೂಜಿಗೆ ದಾರ ಪೋಣಿಸಲು ಹೊರಟಳು. ದಾರ ಹೋಗಲಿಲ್ಲ. ಕಣ್ಣು ಮಂಜಾಗಿತ್ತು.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಪುಟ್ಟಿ ಡಬ್ಬಿ ತೆರೆಯದೆ ಕೂತಿದ್ದಳು. ಮಾಸ್ಟರ್ ಬಂದು ಎದುರಿನ ಸ್ಟೂಲಿನಲ್ಲಿ ಕೂತ.

“ನನ್ನ ಜಾಗ ಬೊಂಬೆಗೆ ಕೊಟ್ರಿ” ಎಂದಳು, ತಲೆ ಎತ್ತದೆ.

“ನಿಮಗೆ ನಿಲ್ಲೋಕೆ ಕಷ್ಟ ಆಗಬಾರದು ಅಂತ.”

“ಸುಳ್ಳು. ನಾನು ಮೋಸ ಮಾಡಿದೆ ಅಂತ.”

“ಬೊಂಬೆನೂ ನಿಮ್ಮ ಹಾಗೇನೇ. ಚುಚ್ಚಿದ್ರೆ ಕೂಗಲ್ಲ.” ಅವನ ತುಟಿಯಂಚು ಅಲುಗಿತು. “ನೀವಾದ್ರೂ ತಡವಾಗಿ ಕೂಗ್ತೀರಿ.”

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. “ತಿನ್ನೋಕೆ ಆಗಲ್ಲ ಮಾಸ್ಟರ್. ತಿನ್ನಲ್ಲ ಅಂತ ಹಟ ಅಲ್ಲ. ಎಲ್ಲರೂ ತಿನ್ನು ತಿನ್ನು ಅಂತಾರೆ. ತಟ್ಟೆ ನೋಡಿದ್ರೇನೆ ಗಂಟಲು ಮುಚ್ಚಿಕೊಳ್ಳುತ್ತೆ. ನಾಚಿಕೆ ಆಗುತ್ತೆ.”

“ಡಾಕ್ಟರಿಗೆ ತೋರಿಸಿದ್ರಾ?”

“ಹಸಿವಿಲ್ಲ ಅಂತ ಹೋದ್ರೆ ನಗಲ್ವಾ?”

“ನಾನು ನಗ್ತಿದೀನಾ?”

ಅವಳು ನೋಡಿದಳು. ನಗುತ್ತಿರಲಿಲ್ಲ.

“ಇಡೀ ಬಟ್ಟೆಯ ಥಾನು ಮೇಜಿನ ಮೇಲೆ ಬಿದ್ದಾಗ ನನಗೂ ಕೈಕಾಲು ಆಡಲ್ಲ” ಎಂದ. “ಒಂದು ತೋಳು ಕತ್ತರಿಸ್ತೀನಿ. ಆಮೇಲೆ ಒಂದು ಕಾಲರ್. ಸಂಜೆಗೆ ನೋಡಿದ್ರೆ ಥಾನು ಖಾಲಿ.”

ಪುಟ್ಟಿ ಅಮ್ಮನ ಜೊತೆ ಡಾಕ್ಟರ ಬಳಿ ಹೋದಳು. ಡಾಕ್ಟರಮ್ಮ ನಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಜ್ವರದ ನಿತ್ರಾಣ ಬಿಟ್ಟರೆ ಬೇರೇನೂ ಇಲ್ಲವೆಂದರು. “ಹಸಿವು ಬರಲಿ ಅಂತ ಕಾಯ್ತಾ ಕೂರಬೇಡಮ್ಮ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನು. ಹಾಲು, ಮೊಟ್ಟೆ, ಬಾಳೆಹಣ್ಣು, ಹುರಿದ ಕಡಲೆಬೀಜ. ಬ್ರೆಡ್ಡಿಗೆ ಬೆಣ್ಣೆ ಧಾರಾಳವಾಗಿ ಹಚ್ಚು. ಊಟಕ್ಕೆ ಮುಂಚೆ ನೀರು ಕುಡಿದು ಹೊಟ್ಟೆ ತುಂಬಿಸ್ಕೋಬೇಡ. ದಿನಾ ಒಂಚೂರು ನಡೆ.” ಆಮೇಲೆ ಅಮ್ಮನ ಕಡೆ ತಿರುಗಿ, “ನೀವು ಚಿಕ್ಕ ತಟ್ಟೆ ಇಡಿ, ಎದುರಿಗೆ ಕೂತು ಕಾವಲು ಕಾಯಬೇಡಿ” ಎಂದರು. ಅಮ್ಮನ ಮುಖ ಸಣ್ಣದಾಯಿತು. ಮರುದಿನ ಬಟ್ಟಲಿಟ್ಟು ಅಡುಗೆಮನೆಗೆ ಹೋದಳು. ಬಾಗಿಲ ಸಂದಿಯಿಂದ ಮಾತ್ರ ಇಣುಕುತ್ತಿದ್ದಳು, ಪಾಪ.

ಡಾಕ್ಟರಮ್ಮ ಹೇಳಿದ್ದನ್ನು ಪುಟ್ಟಿ ಕಾರ್ಖಾನೆಯಲ್ಲಿ ಮಾಸ್ಟರಿಗೆ ಮಾತ್ರ ತಿಳಿಸಿದ್ದಳು. ತಿನ್ನುವ ಹೊತ್ತಾದಾಗ ಅವನು ಮೇಜಿನ ಮೇಲೆ ಕತ್ತರಿಯನ್ನು ಟಕ್ ಟಕ್ ಎಂದು ಬಡಿಯುತ್ತಿದ್ದ. ಪುಟ್ಟಿ ಒಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುವಳು. ಇನ್ಯಾರೂ ತಿರುಗಿ ನೋಡುತ್ತಿರಲಿಲ್ಲ.

“ಏನ್ ಮಾಸ್ಟರೇ, ನಿಮ್ಮ ಕತ್ತರಿಗೆ ಮೂರು ಹೊತ್ತೂ ಹಸಿವಾ?” ಎಂದಳು ಕಾಜಾ ಅಕ್ಕ.

“ಅದರ ಹೊಟ್ಟೆ ಚಿಕ್ಕದು ಅಕ್ಕ. ಆಗಾಗ ಕೊಡಬೇಕು.”

ಪುಟ್ಟಿಯ ಕೆನ್ನೆ ಬಿಸಿಯಾಯಿತು.

ಒಂದು ದಿನ ಅವನೇ ಕೇಳಿದ. “ಅಳತೆ ಕೊಡ್ತೀರಾ? ನಿಜವಾದದ್ದು.”

ತೂಕ ಇನ್ನೂ ಅಷ್ಟಕ್ಕಷ್ಟೇ. ಕೆಲವು ವಾರ ತೂಕದ ಯಂತ್ರದ ಮುಳ್ಳು ಕದಲುತ್ತಲೇ ಇರಲಿಲ್ಲ. ಆದರೂ ಪರದೆಯ ಹಿಂದೆ ಹೋಗಿ ಮೆತ್ತೆಗಳ ಹೊಲಿಗೆ ಬಿಚ್ಚಿ ಬಂದಳು. ಕನ್ನಡಿ ನೋಡಲಾಗದೆ ಕಣ್ಣು ಮುಚ್ಚಿ ನಿಂತಳು. ಟೇಪು ಸೊಂಟ ಸುತ್ತಿ ಬಂತು, ತಣ್ಣಗೆ. ಅಳತೆ ಹಿಡಿದವನು ಕೂಗಿ ಹೇಳಬೇಕು, ಕಾಜಾ ಅಕ್ಕ ಬರೆದುಕೊಳ್ಳಬೇಕು, ಅದು ಅಲ್ಲಿನ ರೂಢಿ. ಇಡೀ ಕಾರ್ಖಾನೆಗೆ ಕೇಳುವ ಆ ಸಂಖ್ಯೆಗಾಗಿ ಪುಟ್ಟಿ ಉಸಿರು ಬಿಗಿಹಿಡಿದಳು.

“ಎಷ್ಟು ಮಾಸ್ಟರೇ?” ಅಕ್ಕ ಪೆನ್ಸಿಲ್ ಹಿಡಿದು ಕೇಳಿದಳು.

“ಇದನ್ನ ಬರೀಬೇಡಿ ಅಕ್ಕ. ನನಗೆ ನೆನಪಿರುತ್ತೆ.”

ಪುಟ್ಟಿ ಕಣ್ಣು ತೆರೆದಳು. ಕನ್ನಡಿಯಲ್ಲಿ ತನ್ನನ್ನಲ್ಲ, ಅವನನ್ನು ನೋಡಿದಳು. ಅವನ ಕಿವಿ ಕೆಂಪಾಗಿತ್ತು.

ಆ ಅಳತೆಗೆ ಅವನು ಹೊಲಿದು ಕೊಟ್ಟದ್ದು ತಿಳಿಹಳದಿ ಗೌನು. ಜೋಲಲಿಲ್ಲ, ಬಿಗಿಯಾಗಲಿಲ್ಲ. ಮನೆಯಲ್ಲಿ ಮಗುಚಿ ನೋಡಿದರೆ, ಎರಡೂ ಪಕ್ಕದ ಹೊಲಿಗೆಯೊಳಗೆ ಅಗಲವಾಗಿ ಬಟ್ಟೆ ಬಿಟ್ಟಿದ್ದ.

“ಇಷ್ಟೊಂದು ಯಾಕೆ ಬಿಟ್ರಿ?” ಮರುದಿನ ಕೇಳಿದಳು.

“ಈಗ ಇರೋ ನಿಮಗೆ ಹೊಲಿದದ್ದು. ನೀವು ತುಂಬಿಕೊಂಡ ಹಾಗೆಲ್ಲ ಬಿಚ್ಚಿ ಕೊಡ್ತೀನಿ.”

“ತುಂಬಿಕೊಳ್ಳದೇ ಹೋದ್ರೆ?”

“ಇದೇ ಅಳತೆ ನನಗೆ ಇಷ್ಟ. ನೀವು ಗಟ್ಟಿಮುಟ್ಟಾಗಿರಿ, ಸಾಕು.” ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದ. “ಬಿಚ್ಚಿ ಹೊಲಿಯೋ ಕೆಲಸ ಮಾತ್ರ ಬೇರೆಯವರಿಗೆ ಕೊಡಬೇಡಿ. ಯಾವತ್ತೂ.”

ಪುಟ್ಟಿ ಕೈ ಚಾಚಿ ಅವನ ಹುಬ್ಬಿನ ಸೀಮೆಸುಣ್ಣ ಒರೆಸಿದಳು. ಎಷ್ಟು ದಿನದಿಂದ ಒರೆಸಬೇಕೆಂದಿದ್ದಳು!

ಚಳಿ ಕಳೆಯುವ ಹೊತ್ತಿಗೆ ಅವಳು ಆ ಗೌನು ತೊಟ್ಟು ಕನ್ನಡಿಯ ಮುಂದೆ ಬಂದು ನಿಂತಳು.

“ಬಿಗಿಯಾಗಿದೆ ಮಾಸ್ಟರ್.”

ಹೇಳುವಾಗ ನಾಚಿಕೆಯಾಯಿತು. ಆದರೆ ಇದು ಆ ಹಳೆಯ ನಾಚಿಕೆಯಲ್ಲ. ಅವನು ಮಂಡಿಯೂರಿ, ಹೊಲಿಗೆ ಬಿಚ್ಚಿ, ಒಂದು ಪಿನ್ನು ಸಿಕ್ಕಿಸಿದ.

“ಅಯ್ಯೋ!”

“ಚುಚ್ಚಿತಾ?”

“ಚುಚ್ಚದೆ ಮತ್ತೆ!”

ಮಾಸ್ಟರ್ ತಲೆ ಎತ್ತಿದ. ಮುಖವೆಲ್ಲ ನಗು. “ಈ ಸಲ ಸರಿಯಾದ ಹೊತ್ತಿಗೆ ಕೂಗಿದ್ರಿ.”