ತೂಬಿನ ಬಳಿ ಸಿಕ್ಕ ನಾಲ್ಕು ಮುಳ್ಳಿನ ಬೀಜ

ಆರನೇ ತಾರೀಖು ಬೆಳಿಗ್ಗೆ 9.10ಕ್ಕೆ ದೋಣಿವಿಹಾರದ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮೂರು ತಿಂಗಳಿಂದ ಕೆರೆಯ ನೀರು ವಾರಕ್ಕೆ ನಾಲ್ಕು ಬೆರಳಿನಷ್ಟು ಇಳಿಯುತ್ತಿದೆ, ದೋಣಿಗಳೆಲ್ಲ ಕೆಸರಿಗೆ ಕೂತಿವೆ, ತೂಬಿನ ಕೀಲಿ ಇರುವುದು ಕಾವಲುಗಾರನೊಬ್ಬನ ಬಳಿ. ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ, ಆದರೆ ತೂಬು ಸಣ್ಣಗೆ ತೆರೆದಿತ್ತು. ತೂಬಿನ ಚಕ್ರಕ್ಕೆ ಹೊಸದಾಗಿ ಎಣ್ಣೆ ಬಿದ್ದಿತ್ತು. ಪಕ್ಕದಲ್ಲಿ ಉಣ್ಣೆಯ ಒಂಟಿ ಕೈಗವಸು, ಅದರ ತುಂಬ ಅಂಟಿಕೊಂಡ ಕಪ್ಪು ಬೀಜಗಳು. ಕಾವಲುಗಾರನ ಪ್ಯಾಂಟಿನಲ್ಲೂ ಅಂಥವೇ ಬೀಜಗಳಿದ್ದವು.

"ಇನ್ನೇನು ಸಾಕ್ಷಿ ಬೇಕು ಸಾರ್?" ಎಂದರು ಮ್ಯಾನೇಜರ್.

ಕಾವಲುಗಾರನ ಮುಖದಲ್ಲಿ ರಕ್ತವಿರಲಿಲ್ಲ. "ಇಪ್ಪತ್ತೆರಡು ವರ್ಷ ಈ ನೀರು ಕಾದಿದೀನಿ ಸಾಹೇಬ್ರೇ. ಕರ್ಕೊಂಡು ಹೋಗೋದಾದ್ರೆ ಹೋಗಿ, ಮಗಳು ಸ್ಕೂಲಿಂದ ಬರೋ ಮುಂಚೆ ಹೋಗೋಣ."

ಅವನನ್ನು ಠಾಣೆಯಲ್ಲಿ ಕೂರಿಸಿ, ಬೀಜಗಳನ್ನು ಎರಡು ಪೊಟ್ಟಣ ಕಟ್ಟಿ, 12.15ಕ್ಕೆ ಇನ್‌ಸ್ಪೆಕ್ಟರ್ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿಯ ಮನೆಗೆ ಹೋದರು. ಗಿಡಮರದ ಗುರುತು ಬೇಕಾದರೆ ಪೊಲೀಸರಿಗೆ ಅವರೇ ಗತಿ. ಹಳೇ ಪತ್ರಿಕೆಗಳ ನಡುವೆ ಎಲೆ ಒಣಗಿಸಿ ಮೇಲೆ ಇಟ್ಟಿಗೆ ಹೇರಿದ ಕೋಣೆ; ಕೂರಲು ಇದ್ದ ಒಂದೇ ಕುರ್ಚಿಯ ಮೇಲೂ ಇಟ್ಟಿಗೆ. ಅಧ್ಯಾಪಕಿ ಭೂತಗನ್ನಡಿ ಹಿಡಿದು ನಲವತ್ತು ನಿಮಿಷ ನೋಡಿದರು. ಇನ್‌ಸ್ಪೆಕ್ಟರ್ ಊಟವಿಲ್ಲದೆ ನಿಂತೇ ಇದ್ದರು.

"ಪ್ಯಾಂಟಿಂದು ಎರಡು ಮುಳ್ಳಿಂದು. ದಾರಿ ಬದಿ ಎಲ್ಲೆಲ್ಲೂ ಇರುತ್ತೆ. ಕೈಗವಸಿಂದು ನೋಡಿ."

ಇನ್‌ಸ್ಪೆಕ್ಟರ್ ಗಾಜಿಗೆ ಕಣ್ಣಿಟ್ಟರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬೀಜ. ತಲೆಯ ಮೇಲೆ ನಾಲ್ಕು ಮುಳ್ಳು, ಒಂದೊಂದು ಮುಳ್ಳಿಗೂ ಹಿಂದಕ್ಕೆ ಬಾಗಿದ ಕೊಕ್ಕೆಗಳ ಸಾಲು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದದ್ದನ್ನು ಅವರು ಕಂಡಿರಲಿಲ್ಲ. ಉಸಿರು ಬಿಟ್ಟರೆ ಹಾರಿಹೋದೀತೆಂದು ಉಸಿರು ಹಿಡಿದರು.

"ಹಳದಿ ಹೂ. ಅರಳಿದಾಗ ನೆಟ್ಟಗೆ ನಿಲ್ಲುತ್ತೆ, ಕಾಯಿ ಕಟ್ತಾ ಕಟ್ತಾ ಕತ್ತು ಬಗ್ಗಿಸುತ್ತೆ. ಎಲೆಗೆ ತೊಟ್ಟಿಲ್ಲ, ಎದುರುಬದುರು ಕೂತು ಕಾಂಡನ ತಬ್ಬಿರುತ್ತೆ. ಒಂದೇ ವರ್ಷದ ಆಯಸ್ಸು. ಇಲ್ಲಿ ಅದು ಇದ್ದಿದ್ದು ಆ ಕೆರೆಯ ಕೆಸರಲ್ಲಿ ಮಾತ್ರ."

"ಕೊನೆಗೆ ನೋಡಿದ್ದು ಯಾವಾಗ?"

"ಹದಿನಾಲ್ಕು ವರ್ಷದ ಹಿಂದೆ. ದೋಣಿ ಬಂದ್ಮೇಲೆ ಕೆರೇನ ವರ್ಷಪೂರ್ತಿ ತುಂಬಿಸಿಟ್ರು. ಕೆಸರು ಬಯಲಾಗದೆ ಅದು ಮೊಳೀಲೇ ಇಲ್ಲ."

"ಹಾಗಾದ್ರೆ ಈ ಬೀಜ?"

ಅಧ್ಯಾಪಕಿ ಡ್ರಾಯರ್ ಎಳೆದು ಇನ್ನೊಂದು ಕೈಗವಸನ್ನೂ ಒಂದು ಕೀಲಿಯನ್ನೂ ಮೇಜಿನ ಮೇಲಿಟ್ಟರು. ಕೆರೆಯ ಅಧ್ಯಯನಕ್ಕೆಂದು ಕಾಲೇಜಿಗೆ ಹಿಂದೆ ಕೊಟ್ಟಿದ್ದ ತೂಬಿನ ಕೀಲಿ. ವಾಪಸು ಕೇಳುವುದನ್ನು ಎಲ್ಲರೂ ಮರೆತಿದ್ದರು.

ಇನ್‌ಸ್ಪೆಕ್ಟರ್ ಕೀಲಿ ಎತ್ತಿಕೊಂಡರು. "ಎರಡೂ ಒಂದೇ ಬೀಜ ಅಂದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ ಮೇಡಂ."

"ಇದನ್ನ ಅದು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲಪ್ಪ. ಅದೂ ಆ ಮನುಷ್ಯ ಒಳಗೆ ಕೂತಿರುವಾಗ."

ಸಂಜೆ 4.40ಕ್ಕೆ ಅಧ್ಯಾಪಕಿಯ ಬಂಧನವಾಯಿತು. ಸ್ಥಳ ತೋರಿಸಲು ಅವರನ್ನು ಕೆರೆಗೆ ಕರೆದೊಯ್ದರು. ಬಿಡುಗಡೆಯಾದ ಕಾವಲುಗಾರ ಅಲ್ಲಿದ್ದ. "ನಿನ್ನ ತಲೆಗೆ ಬರುತ್ತೆ ಅಂತ ಯೋಚಿಸಲೇ ಇಲ್ಲ, ತಪ್ಪಾಯ್ತು," ಎಂದರು ಅಧ್ಯಾಪಕಿ. ಕೆಸರಿಗಿಳಿಯುವಾಗ ಅವನು ಅವರ ಕೈ ಹಿಡಿದುಕೊಂಡ.

ತೂಬಿನ ಆಚೆ ಬದಿಗೆ ಬೆಳಿಗ್ಗೆ ಯಾರೂ ಹೋಗಿರಲಿಲ್ಲ. ಅಲ್ಲಿ ಕೆಸರೇ ಕಾಣದ ಹಾಗೆ ಹಳದಿ ಹೂ. ಕಾನ್‌ಸ್ಟೆಬಲ್ ಬರೆಯುವುದನ್ನು ಬಿಟ್ಟು ನಿಂತಳು. ಇನ್‌ಸ್ಪೆಕ್ಟರ್ ತಮಗೇ ತಿಳಿಯದೆ ಟೋಪಿ ತೆಗೆದರು.

"ನೀರು ಸ್ವಲ್ಪ ಇಳಿಸಿ ಅಂತ ಮೂರು ಅರ್ಜಿ ಕೊಟ್ಟೆ," ಎಂದು ಅಧ್ಯಾಪಕಿ ಹೇಳಿಕೆ ಬರೆಸಿದರು. "ಯಾರೂ ಓದಲಿಲ್ಲ. ಮಣ್ಣಲ್ಲಿರೋ ಬೀಜಕ್ಕೂ ಒಂದು ಕಾಲ ಅಂತ ಇರುತ್ತೆ. ಇನ್ನೊಂದು ವರ್ಷ ತಡೆದ್ರೆ ಒಂದೂ ಏಳಲ್ಲ ಅನ್ನಿಸ್ತು."

ಮ್ಯಾನೇಜರ್ ಚಕ್ರದತ್ತ ಹೊರಟರು. "ಸರಿ, ಈಗ ತೂಬು ಮುಚ್ಚಿ ನೀರು ನಿಲ್ಲಿಸೋಣ."

"ಕಾಯಿ ಬಲಿತು ಬೀಜ ಉದುರೋಕೆ ಎಷ್ಟು ದಿನ ಬೇಕು ಮೇಡಂ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಮೊದಲು ಅರಳಿದ ನಾಲ್ಕೈದು ಗಿಡ ಮಾತ್ರ ಬಲಿತಿದೆ. ಉಳಿದಿದ್ದಕ್ಕೆ ಮೂರು ವಾರ."

ಇನ್‌ಸ್ಪೆಕ್ಟರ್ ಅರಗು ತರಿಸಿ, ಚಕ್ರಕ್ಕೆ ಬಟ್ಟೆ ಸುತ್ತಿ, ತಮ್ಮ ಕೈಯಾರೆ ಮೊಹರು ಒತ್ತಿದರು.

"ಇದು ಕೇಸಿನ ಮಾಲು," ಎಂದರು ಮ್ಯಾನೇಜರಿಗೆ. "ಕೋರ್ಟು ಹೇಳೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."