ಮುದ್ರೆ ಇಲ್ಲದ ತೂಕ

ಹೊರಗಿನಿಂದ ಬೀಗ ಬಿದ್ದ ಸದ್ದು ಕೇಳಿತು.

ಒಳಗೆ ನಾನೊಬ್ಬ. ಜೊತೆಗೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಂದ ಕಿತ್ತು ತಂದ ಸಾವಿರಾರು ಹಳೇ ಬ್ಯಾಟರಿ. ಮಧ್ಯಾಹ್ನದ ಬಿಸಿಲಿಗೆ ತಗಡಿನ ಶೆಡ್ಡು ಕಾದ ಬಾಣಲೆಯಾಗಿತ್ತು. ಮೂಲೆಯ ರಾಶಿಯಲ್ಲಿ ಒಂದು ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಬುಸುಗುಡುತ್ತಿತ್ತು.

ಬುಸ್ಸ್…

"ಸಹಿ ಹಾಕಿ, ಬಾಗಿಲ ಸಂದೀಲಿ ತಳ್ಳಿ ಸಾರ್," ಹೊರಗೆ ಗುಜರಿ ಯಾರ್ಡಿನ ಯಜಮಾನನ ದನಿ. ಅವಸರವೇ ಇಲ್ಲ. "ಆಮೇಲೆ ಒಟ್ಟಿಗೆ ಕಾಫಿ ಕುಡಿಯೋಣ."

ನನ್ನ ಕೈಯಲ್ಲಿದ್ದದ್ದು ನನ್ನದೇ ಹೆಸರಿನ ವರದಿ. ಟೈಪ್ ಮಾಡಿಸಿದವನು ಮಾತ್ರ ಅವನು.

ನನ್ನ ಕೆಲಸ ಹೇಳಿಬಿಡುತ್ತೇನೆ. ಇನ್ಶೂರೆನ್ಸ್ ಕಂಪನಿಗಳಿಗೆ ಕ್ಲೇಮುಗಳ ಸುಳ್ಳು ಹಿಡಿದುಕೊಡುತ್ತೇನೆ. ಹಿಂದಿನ ತಿಂಗಳು ಇವನ ಇನ್ನೊಂದು ಶೆಡ್ಡು ಸುಟ್ಟಿತ್ತು. ಲೋಡ್ ಇಳಿಸುವವನೊಬ್ಬ ಒಳಗೇ ಸತ್ತಿದ್ದ. ಸುಟ್ಟದ್ದು ಒಳ್ಳೆಯ ಮಾಲು ಎಂದು ಇವನ ಕ್ಲೇಮು. ಬರೀ ಕಸ ಎಂದು ನನ್ನ ಅನುಮಾನ. ನೋಡಲು ಬಂದೆ. ಸಿಕ್ಕಿಬಿದ್ದೆ.

ಬುಸುಗುಡುವುದು ನಿಂತಿತು. ಬಿಳಿ ಹೊಗೆ ಎದ್ದಿತು.

ಬುಸುಗುಟ್ಟುವ ಬ್ಯಾಟರಿಗಿಂತ ಸುಮ್ಮನಾದ ಬ್ಯಾಟರಿ ಕೆಟ್ಟದ್ದು.

ಅಷ್ಟರಲ್ಲಿ ಹಿಂದಿನ ಶಟರ್ ಒಂದೂವರೆ ಅಡಿ ಮೇಲೆದ್ದಿತು. ಹೆಂಗಸಿನ ಕೈಯೊಂದು ಕಾಣಿಸಿತು.

"ತೆವಳ್ಕೊಂಡು ಬನ್ನಿ ಸಾರ್. ಬೇಗ."

ತೆವಳಿದೆ. ಅಂಗಿ ಹರಿಯಿತು, ಮೊಣಕೈ ತರಚಿತು. ಹೊರಗೆ ನಿಂತಿದ್ದವಳು ಗೇಟಿನ ಹತ್ತಿರ ಲಾರಿ ತೂಗುವವಳು. ಬೆಳಿಗ್ಗೆ ವೇಬ್ರಿಡ್ಜ್ ಕ್ಯಾಬಿನ್ನಿನಲ್ಲಿ ಅವಳನ್ನು ನೋಡಿದ್ದೆ.

"ಯಾಕೆ ನನಗೋಸ್ಕರ…"

"ಸತ್ತವನು ನನ್ನ ತಮ್ಮ. ಓಡಿ."

ಓಡಿದೆವು. ಹಿಂದೆ ಯಜಮಾನನ ಬಂಟ, ಎಲ್ಲರೂ ಕಂಬ ಎಂದು ಕರೆಯುವ ಆಸಾಮಿ, ಕೈಯಲ್ಲಿ ಕಬ್ಬಿಣದ ರಾಡು ಹಿಡಿದು ಬೆನ್ನು ಹತ್ತಿದ. ನನ್ನ ಕಾರಿನ ಮುಂದೆ ಲೋಡ್ ಲಾರಿಯೊಂದು ಅಡ್ಡ ನಿಂತಿತ್ತು.

ಅವಳು ನಿಲ್ಲಲೂ ಇಲ್ಲ. ದಿನಾ ಹೇಳುವ ದನಿಯಲ್ಲೇ ಡ್ರೈವರನಿಗೆ ಕೂಗಿದಳು: "ಅಣ್ಣಾ, ಕಾಟಾ ಮೇಲೆ ಹತ್ಸು. ತೂಕ ಆಗ್ಬೇಕು."

ಅಭ್ಯಾಸಬಲ. ಡ್ರೈವರ್ ಮರುಮಾತಿಲ್ಲದೆ ಲಾರಿ ಮುಂದಕ್ಕೆ ಬಿಟ್ಟ. ನಮ್ಮ ದಾರಿ ತೆರೆಯಿತು, ಕಂಬನ ದಾರಿ ಮುಚ್ಚಿತು. ಕಾರಿನಲ್ಲಿ ಗೇಟು ದಾಟುವಾಗ ಶೆಡ್ಡಿನ ಮೇಲೆ ಹೊಗೆ ಕಂಡಿತು. ಯಜಮಾನ ಕಂಬನನ್ನು ನೀರು ತರಲು ಕೂಗುತ್ತಿದ್ದ. ಅವನ ಪಾಲಿಗೆ ನನಗಿಂತ ಮಾಲು ದೊಡ್ಡದು.

ಪೊಲೀಸ್ ಠಾಣೆಯವರು ಯಜಮಾನನ ಕಾಫಿ ಕುಡಿಯುವವರು. ನೇರ ಪರಿಸರ ಇಲಾಖೆಗೆ ಹೋದೆವು. ಗಾಜಿನ ಕಟ್ಟಡ. ತಣ್ಣಗಿನ ರೂಮು. ಅಧಿಕಾರಿಯ ಮೇಜಿನ ಮೇಲೆ ಹೊಸ ಬ್ಯಾಟರಿ ಕಾನೂನು, ನೂರಾ ಎಂಬತ್ತು ಪುಟ. ಮಡಿಕೆ ಬೀಳದ ಪುಸ್ತಕ. ಯಾರೂ ತೆರೆದಿರಲಿಲ್ಲ.

"ತ್ಯಾಜ್ಯ ಅಂದ್ರೆ ಮಾಲೀಕರು ಬಿಸಾಡಿದ್ದು," ಎಂದ ಅಧಿಕಾರಿ. "ಅವರು ಬಿಸಾಡಿಲ್ಲ. ಮರುಬಳಕೆಗೆ ಇಟ್ಕೊಂಡಿದೀವಿ ಅಂತ ಆನ್‌ಲೈನಲ್ಲಿ ಘೋಷಣೆ ಕೊಟ್ಟಿದಾರೆ."

"ಯಾವಾಗ ಬಳಸ್ತಾರಂತೆ?"

"ಫಾರ್ಮಲ್ಲಿ ಆ ಕಾಲಂ ಇಲ್ಲ."

"ಈಗ ಅಲ್ಲಿ ಹೊಗೆ ಏಳ್ತಿದೆ."

"ಹೊಗೆ ವಾಯು ವಿಭಾಗಕ್ಕೆ ಬರುತ್ತೆ. ಮೂರನೇ ಮಹಡಿ."

ಅವಳು ಮೆಲ್ಲಗೆ ಹೇಳಿದಳು: "ನನ್ನ ತಮ್ಮ ಸತ್ತಿದಾನೆ ಸಾರ್."

"ಅದು ಕಾರ್ಮಿಕ ಇಲಾಖೆ ಅಮ್ಮಾ."

"ಹೋಗಿದ್ದೆ. ಅವನು ಆ್ಯಪ್‌ನಲ್ಲಿ ಬುಕ್ ಆಗಿ ಬಂದವನು, ಕಾರ್ಮಿಕ ಅಲ್ಲ, ಪಾರ್ಟ್ನರ್ ಅಂದ್ರು."

ಅಧಿಕಾರಿ ಮರುಕದಿಂದ ತಲೆಯಾಡಿಸಿದ. ಆ ಮರುಕ ನೋಡಿ ಕಪಾಳಕ್ಕೆ ಬಿಗಿಯಬೇಕು ಅನಿಸಿತು. ಕೈ ಜೇಬಿನೊಳಗೆ ಇಟ್ಟುಕೊಂಡೆ.

ಮೆಟ್ಟಿಲ ಮೇಲೆ ಕೂತು ಅವಳು ಬ್ಯಾಗ್ ತೆರೆದಳು. ಹಿಂದಿನ ತಿಂಗಳು ಸುಟ್ಟ ಶೆಡ್ಡಿಗೆ ಹೋದ ಪ್ರತಿ ಲಾರಿಯ ತೂಕದ ಚೀಟಿ. ಕ್ಲೇಮಿಗೆ ಯಜಮಾನ ಕೊಟ್ಟಿದ್ದೂ ಇವುಗಳನ್ನೇ. ಎಲ್ಲದರಲ್ಲೂ 'ಮರುಬಳಕೆ ಮಾಲು' ಎಂದೇ ಬರೆದಿತ್ತು. ಕಸ ಎನ್ನುವ ಪದ ಎಲ್ಲೂ ಇಲ್ಲ. ಗಟ್ಟಿ ಆಸಾಮಿ.

"ಈ ಕಾಟಾಗೆ ಸರ್ಕಾರಿ ಮುದ್ರೆ ಇದೆಯಾ?" ಸುಮ್ಮನೆ ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಮೂರು ವರ್ಷದಿಂದ ಇಲ್ಲ. ವರ್ಷಾವರ್ಷ ಹಾಕಿಸ್ಬೇಕು. ಹೇಳಿದ್ದೆ, ಯಜಮಾನರು ನಕ್ರು."

ಆ ದಿನ ಮೊದಲ ಸಲ ನಾನೂ ನಕ್ಕೆ.

"ಇದನ್ನ ಬರೆದುಕೊಟ್ಟರೆ ನಿಮಗೂ ದಂಡ ಬೀಳುತ್ತೆ. ಕೆಲಸಾನೂ ಹೋಗುತ್ತೆ."

"ತಮ್ಮನೇ ಹೋದ. ಕಾಗದ ಕೊಡಿ."

ತೂಕ ಅಳತೆಯ ಕಚೇರಿ ಹಿಂದಿನ ಬೀದಿಯ ನೆಲಮಾಳಿಗೆಯಲ್ಲಿತ್ತು. ಇನ್ಸ್‌ಪೆಕ್ಟರಿಗೆ ದಪ್ಪ ಕನ್ನಡಕ, ನಿವೃತ್ತಿಗೆ ನಾಲ್ಕು ತಿಂಗಳು. ನಾನು ಬ್ಯಾಟರಿ ಕಥೆ ಶುರು ಮಾಡಿದೆ. ಅವರು ಕೈ ಅಡ್ಡ ತಂದರು.

"ಏನು ತೂಗಿದ್ರು ಅನ್ನೋದು ನನಗೆ ಬೇಡ. ತೂಗಿದ್ರಾ?"

"ಹೂಂ."

"ಮುದ್ರೆ?"

"ಇಲ್ಲ."

ಅವರು ಎದ್ದರು. ತಂತಿ, ಸೀಸದ ಉಂಡೆ, ಇಕ್ಕಳ ತೆಗೆದುಕೊಂಡರು. ಅವರು ನಂಬಿದ ಕಾನೂನು ಸ್ಕೂಟರಿಗಿಂತ ಹಳೆಯದು.

ನಾವು ತಲುಪುವಾಗ ಬೆಂಕಿ ಆರಿತ್ತು. ಅರ್ಧ ಶೆಡ್ಡು ಕರಿ. ಯಜಮಾನ ವೇಬ್ರಿಡ್ಜ್ ಮೇಲೆ ಅಡ್ಡ ನಿಂತ. ಪಕ್ಕದಲ್ಲಿ ಕಂಬ.

"ನಾನು ಯಾರು ಗೊತ್ತಾ?"

"ಗೊತ್ತಿಲ್ಲ," ಎಂದರು ಇನ್ಸ್‌ಪೆಕ್ಟರ್, ಬಗ್ಗಿದಲ್ಲಿಂದಲೇ. "ಸ್ವಲ್ಪ ಕಾಲು ತೆಗೀರಿ. ತಂತಿ ಸಿಕ್ಕಾಕೊಂಡಿದೆ."

ಯಜಮಾನ ನನ್ನ ಕಿವಿಯ ಹತ್ತಿರ ಬಂದ. "ನಿನ್ನನ್ನ ಮುಗಿಸ್ತೀನಿ."

"ಬ್ಯಾಟರಿ ಕೈಲೇ ಆಗ್ಲಿಲ್ಲ," ಎಂದೆ.

ಇಕ್ಕಳ ಕಚ್ಚಿತು. ಸೀಸ ಚಪ್ಪಟೆಯಾಯಿತು. ಇದು ಒಪ್ಪಿಗೆಯ ಮುದ್ರೆಯಲ್ಲ, ಕಾಟಾ ಬಳಸದಂತೆ ಜಡಿಯುವ ಮುದ್ರೆ. ಮುದ್ರೆಯಿಲ್ಲದೆ ತೂಗಿದ ಮೂರು ವರ್ಷದ ಅಷ್ಟೂ ಚೀಟಿ ಒಂದೇ ಏಟಿಗೆ ರದ್ದಿ. ತೂಕದ ದಾಖಲೆ ಇಲ್ಲದೆ ಕ್ಲೇಮು ಬಿದ್ದುಹೋಯಿತು. ತೂಗದೆ ಯಾವ ಲಾರಿಯೂ ಒಳಗೆ ಬರುವಂತಿಲ್ಲ. ಯಾರ್ಡು ಮುಚ್ಚಿತು. ಯಜಮಾನ ವಿದೇಶಕ್ಕೆ ಹಾರಿದ ಎಂದು ಕೇಳಿದೆ. ಅಲ್ಲಿನ ಕಾನೂನೂ ಹೊಸದೇ ಇರಬೇಕು.

ಎರಡು ತಿಂಗಳ ಮೇಲೆ ತೂಕ ಅಳತೆಯ ಕಚೇರಿಯಿಂದ ಆದೇಶದ ಪ್ರತಿ ಅವಳಿಗೆ ಬಂತು. ಮೂರು ಪುಟ. ನನ್ನಿಂದ ಓದಿಸಿದಳು. ಕೊನೆಯ ಸಾಲಿನವರೆಗೂ ಕಾದು ಕೇಳಿದಳು: "ತಮ್ಮನ ವಿಷಯ?"

ಮತ್ತೊಮ್ಮೆ ಹುಡುಕಿದೆ. ಅವನ ಹೆಸರು ಎಲ್ಲೂ ಇರಲಿಲ್ಲ. ವೇಬ್ರಿಡ್ಜಿನ ಸೀರಿಯಲ್ ನಂಬರನ್ನು ಮಾತ್ರ ಎರಡು ಕಡೆ, ಒಂದಂಕಿಯೂ ತಪ್ಪದಂತೆ ಬರೆದಿದ್ದರು.