ತೂಕ ತಪ್ಪದ ಡ್ರಮ್ಮುಗಳು

ಮುಂಜಾನೆ ಐದಕ್ಕೆ ಹೊಸ ಡ್ರಮ್ಮಿನ ಮುಚ್ಚಳ ತೆಗೆದು ಸುಣ್ಣವನ್ನು ಯಂತ್ರಕ್ಕೆ ಸುರಿದರು, ನೀರು ಬಿಟ್ಟರು — ಬಿಸಿ ಬರಲಿಲ್ಲ. ಇನ್ನೊಂದು ಸುರಿದರು. ಅದೂ ಅಷ್ಟೆ. ಎಂಟರ ಹೊತ್ತಿಗೆ ಚೋಲೊಕ್-ಬುಲಾಕ್ ಆಸ್ಪತ್ರೆಯ ಪೈಪುಗಳೆಲ್ಲ ತಣ್ಣಗಾಗಿದ್ದವು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಒಳಗೆ ಮೂವರು ಬಾಣಂತಿಯರು, ಮೂರು ಕೂಸುಗಳು.

ಜಿಲ್ಲಾ ಪೊಲೀಸಿನ ತನಿಖಾಧಿಕಾರಿ ಜೂರಾ ಎಜೆಗೆ ಫೋನ್ ಬಂತು. ಎಜೆ ಅಂದರೆ ನಮ್ಮಲ್ಲಿ ಅಕ್ಕ. ಅವರ ಗಾಡಿ ಓಡಿಸುವವನು ನಾನು, ಸಮ್ಸಾಲಿ. ಹನ್ನೊಂದು ವರ್ಷ ಓಡಿಸಿದ್ದೇನೆ. ಅವರು ನೆಟ್ಟಗೆ ಕಾಲು ಗಳಿಗೆ ಕುಳಿತದ್ದನ್ನು ಕಂಡಿಲ್ಲ. ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಕಡಿದು ನನ್ನ ಗಾಡಿಯ ತುಂಬ ಸಿಪ್ಪೆ ಉಗುಳಿದರು.

"ಶಾರ್ಶೆನ್ನೇ ಮಾಡಿರ್ತಾನೆ," ಎಂದೆ ನಾನು. "ಕಲ್ಲಿದ್ದಲು ಮಾರೋನು. ಇನ್ಯಾರಿಗೆ ಲಾಭ?"

"ನೀನು ರಸ್ತೆ ನೋಡು."

ಸುಣ್ಣದ ಯಂತ್ರ ಬಂದ ಮೇಲೆ ಶಾರ್ಶೆನ್‌ನ ವ್ಯಾಪಾರ ಬಿದ್ದಿತ್ತು ಎನ್ನುವುದು ಊರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಸೌರ ಫಲಕಗಳಿಂದ ಹೆಚ್ಚಾಗಿ ಉಳಿಯುವ ಕರೆಂಟಿನಲ್ಲಿ ಸುಣ್ಣ ಬೇಯಿಸುತ್ತಾರೆ. ಅದರೊಳಗಿನ ನೀರನ್ನೆಲ್ಲ ಓಡಿಸಿ ಡ್ರಮ್ಮಿಗೆ ತುಂಬಿ ಭದ್ರವಾಗಿ ಮುಚ್ಚುತ್ತಾರೆ. ಚಳಿಗಾಲದಲ್ಲಿ ಆ ಸುಟ್ಟ ಸುಣ್ಣಕ್ಕೆ ನೀರು ಕೊಟ್ಟರೆ ಸಾಕು, ಕೊತಕೊತನೆ ಅರಳಿ ಬೇಸಿಗೆಯ ಬಿಸಿಲನ್ನೆಲ್ಲ ವಾಪಸು ಕೊಡುತ್ತದೆ. ಅರಳಿದ ಪುಡಿಯನ್ನು ಮತ್ತೆ ಬೇಸಿಗೆಯಲ್ಲಿ ಬೇಯಿಸಬಹುದು. ಇದನ್ನು ಕಟ್ಟಿದವಳು ಇದೇ ಊರಿನ ಇಂಜಿನಿಯರ್ ಊಲ್ಕಾನ್. ಆರು ವರ್ಷ ಬೆನ್ನು ಮುರಿದುಕೊಂಡಿದ್ದಳು.

ಹೆರಿಗೆ ಕೋಣೆಯಲ್ಲಿ ಅವಳು ಕಂಬಳಿ ಹಂಚುತ್ತಿದ್ದಳು. ಕಣ್ಣು ಕೆಂಪಗಾಗಿತ್ತು.

"ಆಸ್ಪತ್ರೆಯವರು ಗೋದಾಮಿನ ಬೀಗದ ಕೈ ಕಿತ್ಕೊಂಡ್ರು ಎಜೆ. ನನ್ನ ಅಜಾಗ್ರತೆಯಂತೆ. ನಾಲ್ಕು ಗಂಟೆಗೆ ಜಿಲ್ಲೆಯಿಂದ ಬಂದು ಸಹಿ ಹಾಕ್ತಾರೆ. ಯಂತ್ರ ಬಿಚ್ಚಿ ಕಲ್ಲಿದ್ದಲಿನ ಒಲೆ ಹಾಕ್ತಾರೆ."

"ಅಜಾಗ್ರತೆ ಆಗಿತ್ತಾ?"

"ಆಗಿರಬೇಕು." ಅವಳು ಇನ್ನೊಂದು ಕಂಬಳಿ ಬಿಡಿಸಿದಳು. "ನಿನ್ನೆಗೆ ಉಳಿದಿದ್ದು ಇಪ್ಪತ್ತಾರು ಡ್ರಮ್ಮು. ಬೀಗದ ಕೈ ಹೋಗೋ ಮುಂಚೆ ಒಂದೊಂದು ಚಿಟಿಕೆ ತೆಗೆದು ನೋಡಿದೆ. ಇವತ್ತು ಸುರಿದ ಎರಡೂ ಸೇರಿ ಹಿಂದಿನ ಸಾಲಿನ ಇಪ್ಪತ್ತೂ ಸತ್ತಿವೆ. ಮುಚ್ಚಳದ ರಬ್ಬರು ಬಿರುಕು ಬಿಟ್ಟು ತೇವ ಕುಡಿದಿರುತ್ತೆ. ತೇವ ಕುಡಿದ ಸುಣ್ಣ ಉಬ್ಬುತ್ತೆ. ನಾನು ಡ್ರಮ್ಮು ಅರ್ಧಕ್ಕೆ ತುಂಬಿಸಿದ್ದು, ಈಗ ಕಂಠಮಟ್ಟ ಇದೆ."

ಅಂಗಳಕ್ಕೆ ಬಂದರೆ ಶಾರ್ಶೆನ್‌ನ ಲಾರಿ ಆಗಲೇ ನಿಂತಿತ್ತು. ಕಲ್ಲಿದ್ದಲು ತುಂಬಿತ್ತು. ನಾನು ಎಜೆಯ ಮುಖ ನೋಡಿದೆ — ಹೇಳಿದ್ದೆನಲ್ಲ?

"ಎಂಟಕ್ಕೆ ಬಿಸಿ ಹೋಯ್ತು, ಹತ್ತಕ್ಕೆ ನಿನ್ನ ಲಾರಿ. ಯಾರಪ್ಪ ಕರೆದಿದ್ದು?" ಎಂದು ಎಜೆ ಅವನನ್ನು ಕೇಳಿದರು.

"ನಾನೇನು ಕದ್ದಿಲ್ಲ," ಎಂದ ಶಾರ್ಶೆನ್.

"ಕದ್ದೆ ಅಂತ ಯಾರಂದ್ರು?" ಎಂದೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಆಸಾಮಿ.

"ನೀನು ಸ್ಟೀರಿಂಗ್ ಹಿಡ್ಕೋ ಹೋಗು. ಎಜೆ, ಒಳಗೆ ಮಲಗಿರೋ ಬಾಣಂತಿಯರಲ್ಲಿ ಒಬ್ಬಳು ನನ್ನ ಹೆಂಡ್ತಿ. ನಿನ್ನೆ ಹೆತ್ತಿದಾಳೆ. ಕೂಸಿನ ಕಾಲು ತಣ್ಣಗಾಗ್ತಿದೆ ಅಂತ ಫೋನಲ್ಲಿ ಅಳ್ತಿದ್ಲು. ಸುಣ್ಣದ ರಾಣಿ ಜೊತೆ ನಂಗೆ ಜಗಳ ಇದೆ, ಇಲ್ಲ ಅನ್ನಲ್ಲ. ನನ್ನ ಕೂಸಿನ ಜೊತೆ ಇದೆಯಾ?"

ಎಜೆ ಅವನನ್ನು ಬಿಟ್ಟು ಸರಸರನೆ ಗೋದಾಮಿನ ಕಡೆ ನಡೆದರು. ನನ್ನ ಕಳ್ಳ ಕೈತಪ್ಪಿ ಹೋದದ್ದಕ್ಕೆ ನನಗೆ ಮುನಿಸು.

ಗೋದಾಮು ಕಾಯುವವರು ಜುಮಾದಿಲ್ ಅಬಕೆ. ಎಪ್ಪತ್ತು ದಾಟಿದ ಹಿರಿಯರು, ಅದಕ್ಕೇ ಊರಿಗೆಲ್ಲ ಅಬಕೆ. ಸೋವಿಯತ್ ಕಾಲದಿಂದಲೂ ಈ ಕಣಿವೆಯ ಉಣ್ಣೆಯನ್ನೆಲ್ಲ ತೂಗಿದವರು; ಅವರ ತಕ್ಕಡಿಯ ಮೇಲೆ ಆಣೆ ಇಡುವವರೂ ಇದ್ದಾರೆ. ಚಹಾ ಕೊಟ್ಟರು, ಒಣ ರೊಟ್ಟಿ ಮುರಿದಿಟ್ಟರು. ಅಷ್ಟೆ. ಮಗ ತಿಲೆಕ್ ಊರಿನ ಕುರಿಯನ್ನೆಲ್ಲ ಮೇಯಿಸುತ್ತಾನೆ, ಅಪ್ಪನ ಬಳಿ ಅತಿಥಿಗೆ ಒಂದು ಚೂರು ಮಾಂಸವಿಲ್ಲ. ನನ್ನ ಹೊಟ್ಟೆ ಗೊಣಗಿತು, ಬಾಯಿಯೂ ಗೊಣಗಿತು.

"ಈ ವರ್ಷ ಕುರಿ ಬಡಕಲು," ಎಂದರು ಅಬಕೆ, ನನ್ನ ಕಡೆ ನೋಡದೆ.

"ಏನಾದ್ರೂ ಕಳುವಾಗಿದೆಯಾ ಅಬಕೆ?" ಎಂದರು ಎಜೆ.

"ನನ್ನ ಗೋದಾಮಲ್ಲಾ? ಬೆಳಿಗ್ಗೆ ಎಲ್ಲಾ ತೂಗಿದೀನಿ ಮಗಳೇ. ಒಂದೊಂದು ಡ್ರಮ್ಮಲ್ಲೂ ನೂರು ಕಿಲೋ. ಒಂದು ಕಿಲೋ ಹೆಚ್ಚಿಲ್ಲ, ಒಂದು ಕಿಲೋ ಕಮ್ಮಿ ಇಲ್ಲ. ಕಳುವಾಗಿದ್ರೆ ತೂಕ ಹೇಳ್ತಿತ್ತು."

ಎಜೆ ಐದು ಡ್ರಮ್ಮು ಮತ್ತೆ ತೂಗಿಸಿದರು. ಎತ್ತಿ ಇಟ್ಟವನು ನಾನು, ನನ್ನ ಸೊಂಟವೇ ಸಾಕ್ಷಿ. ಡ್ರಮ್ಮಿನ ಭಾರ ಕಳೆದರೆ ನೂರು, ನೂರು, ನೂರು, ನೂರು, ನೂರು.

ಎಜೆ ಬೀಜ ಕಡಿಯುವುದನ್ನು ನಿಲ್ಲಿಸಿದರು.

ಮರಳಿ ಓಡಿದರು ಹೆರಿಗೆ ಕೋಣೆಗೆ. ನಾನು ಹಿಂದೆ ಏದುಸಿರು ಬಿಡುತ್ತ.

"ಊಲ್ಕಾನ್, ನೂರು ಕಿಲೋ ಸುಟ್ಟ ಸುಣ್ಣ ಪೂರ್ತಿ ಅರಳೋಕೆ ಎಷ್ಟು ನೀರು ಕುಡಿಯುತ್ತೆ?"

"ಮೂವತ್ತೆರಡು ಕಿಲೋ."

"ಕುಡಿದ ಮೇಲೆ ಡ್ರಮ್ಮು ಎಷ್ಟು ತೂಗಬೇಕು?"

"ನೂರಾ ಮೂವತ್ತೆರಡು. ಯಾಕೆ? ಈಗ ಎಷ್ಟಿದೆ?" ಉತ್ತರ ಕೇಳುವ ಮೊದಲೇ ಅವಳ ಕೈಯಿಂದ ಕಂಬಳಿ ಜಾರಿತು. "ಆಮೇಲೆ ನನ್ನನ್ನ ಒಳಗೇ ಬಿಡಲಿಲ್ಲ ಎಜೆ... ತೂಕ ಯಾರೂ ಹೇಳಲೇ ಇಲ್ಲ."

ಮಧ್ಯಾಹ್ನ ಎರಡಕ್ಕೆ ಎಲ್ಲರೂ ಗೋದಾಮಿನಲ್ಲಿ ಸೇರಿದ್ದೆವು. ಎಜೆ ಎರಡು ಚಹಾ ಬಟ್ಟಲಿನಲ್ಲಿ ಬಿಳಿ ಪುಡಿ ಹಾಕಿ ನೀರು ಹನಿಸಿದರು. ಒಂದು ಬುಸುಗುಟ್ಟಿ ಹೊಗೆಯಾಡಿತು. ಇನ್ನೊಂದು ಸುಮ್ಮನೆ ಕೆಸರಾಯಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದರು. "ಉರಿದದ್ದು ಮುಂದಿನ ಸಾಲಿನದು. ಕೆಸರಾಗಿದ್ದು ಹಿಂದಿನದು. ತೇವ ತಾನಾಗಿ ನುಗ್ಗಿದ್ರೆ ಡ್ರಮ್ಮು ಭಾರ ಆಗ್ಬೇಕಿತ್ತು. ಆಗಿಲ್ಲ. ಅಂದ್ರೆ ಸುಟ್ಟ ಸುಣ್ಣ ತೆಗೆದು, ಅರಳಿದ ಪುಡಿ ತುಂಬಿದಾರೆ. ಪುಡಿ ಹಗುರ, ಅದಕ್ಕೇ ಕಂಠದವರೆಗೆ ಬಂತು. ಶಾರ್ಶೆನ್ ಮಾಡಿದ್ರೆ ತೂಗ್ತಾನೇ ಇರಲಿಲ್ಲ, ಹೆಂಗೆಂಗೋ ತುರುಕ್ತಿದ್ದ. ಊಲ್ಕಾನ್ ಮಾಡಿದ್ರೆ, ತೇವದ ತಪ್ಪು ಅನ್ಸೋಕೆ ನೂರಾ ಮೂವತ್ತೆರಡು ತುಂಬ್ತಿದ್ಲು. ಇಪ್ಪತ್ತು ಡ್ರಮ್ಮಿಗೂ ಸರಿಯಾಗಿ ನೂರು ತುಂಬೋ ಮನುಷ್ಯ ಈ ಕಣಿವೆಯಲ್ಲಿ ಒಬ್ಬರೇ."

ಯಾರೂ ಮುದುಕರತ್ತ ನೋಡಲಿಲ್ಲ. ನೋಡಲು ನಾಚಿಕೆಯಾಯಿತು.

"ಹಿಂದಿನ ಸಾಲು ಪ್ರತಿ ವರ್ಷ ಉಳಿದುಬಿಡ್ತಿತ್ತು," ಎಂದರು ಜುಮಾದಿಲ್ ಅಬಕೆ ಕೊನೆಗೆ. "ಬಿಸಿಲು ಬಂದ್ಮೇಲೆ ಬೇಯಿಸಿ ಸರಿ ಮಾಡೋಣ ಅಂತಿದ್ದೆ. ಚಳಿ ಹೋಗಲೇ ಇಲ್ಲ."

"ನಾನು ಬೈಸಿಕೊಳ್ತಿದ್ದಾಗ ಇಲ್ಲೇ ಇದ್ರಲ್ಲ ಅಬಕೆ," ಎಂದಳು ಊಲ್ಕಾನ್.

"ಸುಣ್ಣ ಎಲ್ಲಿ ಹೋಯ್ತು?" ಎಜೆ ಬಾಗಿ ಕೇಳಿದರು. "ನೌರೂಜ್ ಹಬ್ಬಕ್ಕೆ ಗೋಡೆ, ಮರ ಬಳಿಯೋಕೆ ಅರಳಿದ ಪುಡಿ ಸಾಕು. ಎರಡು ಟನ್ ಸುಟ್ಟ ಸುಣ್ಣ ಯಾರಿಗೆ ಬೇಕು? ಸತ್ತ ಪ್ರಾಣಿ ಹೂಳೋ ಗುಂಡಿಗೆ. ಕುರಿ ಕಾಯೋರ ಮನೇಲಿ ಮಾಂಸ ಇಲ್ಲ. ಎಷ್ಟು ಸತ್ತವು ಅಬಕೆ?"

"ನಲವತ್ತು." ಮುದುಕರು ತಕ್ಕಡಿಯ ಮೇಲೆ ಕೈಯಿಟ್ಟರು. "ಮೂಗಲ್ಲಿ ಕಪ್ಪು ರಕ್ತ. ನೆರಡಿ ರೋಗ, ಮುಟ್ಟಿದವರಿಗೂ ಅಂಟೋದು. ಗೊತ್ತಾದ್ರೆ ಊರಿನ ಹಿಂಡೆಲ್ಲ ಸುಡ್ತಾರೆ, ಎಲ್ಲರ ಹೊಟ್ಟೆ ಮೇಲೆ ಹೊಡೆದಂಗೆ. ಆಳವಾಗಿ ಹೂತು ಸುಣ್ಣ ಸುರಿದ್ವಿ. ಮಾಂಸ ಯಾರಿಗೂ ಕೊಟ್ಟಿಲ್ಲ, ನಾವೂ ಮುಟ್ಟಿಲ್ಲ."

"ಮೊದಲನೇ ಕುರಿ ಸುಲಿದಿದ್ಯಾರು?"

ಬಟ್ಟಲಿನ ಸುಣ್ಣ ಇನ್ನೂ ಗುಳುಗುಳು ಎನ್ನುತ್ತಿತ್ತು.

"ತಿಲೆಕ್."

"ಕೈ ಮೇಲೆ ಕಪ್ಪು ಹುಣ್ಣು ಇದೆಯಾ?"

"ನಾಲ್ಕು ದಿನ ಆಯ್ತು. ಜ್ವರ ಸುಡ್ತಿದೆ. ಆಸ್ಪತ್ರೆಗೆ ತಂದ್ರೆ ಡಾಕ್ಟರಿಗೆ ಗೊತ್ತಾಗ್ತಿತ್ತು..." ಮುಂದಿನದು ಅಳುವಿನಲ್ಲಿ ಮುಳುಗಿತು.

"ಸಮ್ಸಾಲಿ, ಗಾಡಿ."

ಅಷ್ಟು ಜೋರಾಗಿ ನಾನೆಂದೂ ಓಡಿಸಿಲ್ಲ. ತಿಲೆಕ್‌ನನ್ನು ಕಂಬಳಿ ಸುತ್ತಿ ತಂದೆವು. ಹುಣ್ಣು ನೋಡಿದ ಡಾಕ್ಟರು ಅದೇ ನೆರಡಿ, ಆಂಥ್ರಾಕ್ಸ್ ಎಂದರು, ಇಂಜೆಕ್ಷನ್ ಕೊಟ್ಟು, ಇನ್ನೂ ಕಾಲ ಮಿಂಚಿಲ್ಲ, ನಾಳೆಯಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಎಜೆ ಯಂತ್ರ ಬಿಚ್ಚಬೇಡಿ ಎಂದು ಜಿಲ್ಲೆಗೂ, ಆಮೇಲೆ ಪಶುವೈದ್ಯರಿಗೂ ಫೋನ್ ಮಾಡಿದರು. ಹಿಂಡಿನ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಬೇಡವೆನ್ನಲಿಲ್ಲ.

ಹುಡುಗನನ್ನು ಮಲಗಿಸಿದ ಬೇರೆ ಕೋಣೆಯಲ್ಲಿ ಉಸಿರು ಹೊಗೆಯಾಗುತ್ತಿತ್ತು. ಪೈಪು ಮುಟ್ಟಿದರೆ ಮಂಜುಗಡ್ಡೆ. ಜುಮಾದಿಲ್ ಅಬಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ಒಳ್ಳೆ ಡ್ರಮ್ಮು ಆರಿವೆ," ಎಂದಳು ಊಲ್ಕಾನ್ ಬಾಗಿಲಲ್ಲಿ. "ಎರಡು ರಾತ್ರಿಗೆ ಸಾಕು. ಆಮೇಲೆ ಶಾರ್ಶೆನ್‌ನ ಕಲ್ಲಿದ್ದಲು, ಬೇಸಿಗೆಯವರೆಗೆ. ಬನ್ನಿ ಅಬಕೆ. ನನ್ನೊಬ್ಬಳ ಕೈಲಿ ಎತ್ತೋಕಾಗಲ್ಲ."

ಇಬ್ಬರೂ ಎರಡು ಕಡೆ ಹಿಡಿದು ಮೊದಲ ಡ್ರಮ್ಮನ್ನು ಗೋದಾಮಿನಿಂದ ಹೊರಗೆ ತಂದರು. ಬಾಗಿಲ ಬಳಿ ತಕ್ಕಡಿ ಇತ್ತು. ಮುದುಕರು ಅದರ ಪಕ್ಕದಲ್ಲೇ ಹಾದುಹೋದರು, ತೂಗಲು ನಿಲ್ಲಲಿಲ್ಲ.